ಗಿಣ್ಣಿಗೂ ಮೊದಲು, ಹೆರಿಗೆಗೂ ಮೊದಲು: ಹೊಟ್ಟೆಯೊಳಗೇ ಶುರುವಾಗುವ ಕಾವಲು

"ಮಾಸು ಬೀಳಲಿ, ಆಮೇಲೆ ಕರುವಿಗೆ ಹಾಲು ಬಿಡಿ." ಮಲೆನಾಡಿನ ಕೊಟ್ಟಿಗೆಗಳಲ್ಲಿ ಈ ಮಾತು ಈಗಲೂ ಕೇಳಿಸುತ್ತದೆ. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲೂ ಅದೇ ರೂಢಿ ಇತ್ತು. ಗಿಡ್ಡ ಹಸು ರಾತ್ರಿ ಕರು ಹಾಕಿದರೆ ಬೆಳಗಿನವರೆಗೆ ಕಾಯುತ್ತಿದ್ದೆವು. ಕರು ನಡುಗುತ್ತಾ ಎದ್ದು ಕೆಚ್ಚಲು ಹುಡುಕಿದರೆ ಮೂಲೆಗೆ ಎಳೆದು ಕಟ್ಟುತ್ತಿದ್ದೆವು. ಕರು ಹಾಲು ಕುಡಿದರೆ ಮಾಸು ಒಳಗೇ ಉಳಿದುಬಿಡುತ್ತದೆ ಅನ್ನುವ ಭಯ. ಬೆಳಗ್ಗೆ ಮೊದಲ ಕರಾವು ಗಿಣ್ಣಿನ ಪಾತ್ರೆಗೆ ಹೋಗುತ್ತಿತ್ತು. ಉಳಿದದ್ದು ಕರುವಿಗೆ. ವಾರ ಕಳೆಯುವಷ್ಟರಲ್ಲಿ ಭೇದಿ ಹತ್ತಿ ಸತ್ತ ಕರುಗಳು ನನಗೆ ನೆನಪಿವೆ. ಆಗ ಮಳೆಗಾಲದ ಥಂಡಿಗೆ ಹೋಯಿತು ಅಂದುಕೊಂಡು ಸುಮ್ಮನಾಗುತ್ತಿದ್ದೆವು.

ಥಂಡಿ ಒಂದೇ ಕಾರಣ ಅಲ್ಲ. ಕರು ಹುಟ್ಟುವಾಗ ಅದರ ರಕ್ತದಲ್ಲಿ ತಾಯಿಯ ಪ್ರತಿಕಾಯಗಳು ಹೆಚ್ಚುಕಡಿಮೆ ಇರುವುದೇ ಇಲ್ಲ. ಪ್ರತಿಕಾಯ ಅಂದರೆ ರೋಗಾಣುವಿನ ಗುರುತು ಹಿಡಿದು ಅದಕ್ಕೆ ಅಂಟಿಕೊಳ್ಳುವ ಪ್ರೋಟೀನು. ಹಸುವಿನ ಮಾಸು ಆ ಪ್ರೋಟೀನನ್ನು ಆಚೆ ದಾಟಿಸುವುದಿಲ್ಲ. ತಾಯಿಯ ರಕ್ತಕ್ಕೂ ಕರುವಿನ ರಕ್ತಕ್ಕೂ ನಡುವೆ ಹಲವು ಪದರಗಳ ಗೋಡೆ ಇದೆ. ಅದಕ್ಕೇ ಕರು ಹಾಕುವ ಮೊದಲಿನ ಕೊನೆಯ ವಾರಗಳಲ್ಲಿ ಹಸು ತನ್ನ ರಕ್ತದ ಪ್ರತಿಕಾಯಗಳನ್ನು ಕೆಚ್ಚಲಿಗೆ ಸಾಗಿಸಿ ಕೂಡಿಡುತ್ತದೆ. ಗಿಣ್ಣದ ಹಾಲು ಅಂದರೆ ಇದೇ. ಹಬೆಯಲ್ಲಿಟ್ಟರೆ ಗಿಣ್ಣು ಹಾಗೆ ಗಟ್ಟಿಯಾಗುವುದು ಅದರಲ್ಲಿ ತುಂಬಿರುವ ಇಂಥ ಪ್ರೋಟೀನುಗಳಿಂದ. ಹುಟ್ಟಿದ ಮೊದಲ ಗಂಟೆಗಳಲ್ಲಿ ಕರುವಿನ ಕರುಳು ಇವನ್ನು ಅರಗಿಸದೆ ಇಡಿಯಾಗಿ ರಕ್ತಕ್ಕೆ ಬಿಟ್ಟುಕೊಳ್ಳುತ್ತದೆ. ಆರು ಗಂಟೆ ಕಳೆಯುವಷ್ಟರಲ್ಲಿ ಆ ಬಾಗಿಲು ಕಿರಿದಾಗುತ್ತಾ ಬರುತ್ತದೆ. ಸುಮಾರು 24 ಗಂಟೆಗೆ ಮುಚ್ಚಿಹೋಗುತ್ತದೆ. ಮಾಸು ಬೀಳಲು ಕೆಲವೊಮ್ಮೆ ಹನ್ನೆರಡು ಗಂಟೆ ಹಿಡಿಯುತ್ತದೆ. ನಾವು ಕಾಯುತ್ತಿದ್ದ ಹೊತ್ತು ಕರುವಿನ ಪಾಲಿನ ಹೊತ್ತಾಗಿತ್ತು.

ಇನ್ನೊಂದು ವಿಷಯ. ಕರು ಕೆಚ್ಚಲಿಗೆ ಬಾಯಿ ಹಾಕಿದಾಗ ತಾಯಿಯ ಮೈಯಲ್ಲಿ ಆಕ್ಸಿಟೋಸಿನ್ ಅನ್ನುವ ಹಾರ್ಮೋನು ಹೊರಡುತ್ತದೆ. ಅದು ಗರ್ಭಚೀಲವನ್ನು ಹಿಂಡುತ್ತದೆ. ಅಂದರೆ ಕುಡಿಸುವುದರಿಂದ ಮಾಸು ಬೀಳಲು ಅನುಕೂಲವೇ ಹೊರತು ತೊಂದರೆ ಇಲ್ಲ.

ಇಷ್ಟು ಕೇಳಿದರೆ ಕರು ಬರಿಗೈಯಲ್ಲಿ ಹುಟ್ಟುತ್ತದೆ ಅನಿಸುತ್ತದೆ, ಅಲ್ವಾ? ಮನುಷ್ಯರ ಕೂಸಿನ ಬಗ್ಗೆಯೂ ನಾವು ಹಾಗೇ ಮಾತಾಡುತ್ತೇವೆ. "ಪಾಪ, ಅದಕ್ಕೇನು ಶಕ್ತಿ ಇರ್ತದೆ?" ವಿಜ್ಞಾನಿಗಳೂ ಬಹಳ ಕಾಲ ಹೀಗೇ ತಿಳಿದಿದ್ದರು. ಹೊಟ್ಟೆಯಲ್ಲಿರುವ ಮಗುವಿನ ರೋಗನಿರೋಧಕ ವ್ಯವಸ್ಥೆ ಖಾಲಿ ಪಾಟಿಯ ಹಾಗೆ, ಹುಟ್ಟಿದ ಮೇಲೆ ಬರವಣಿಗೆ ಶುರು ಎಂದು. ಈಗ ತಿಳಿದಿರುವುದು ಬೇರೆ. ಹುಟ್ಟುವ ಬಹಳ ಮೊದಲೇ ರೋಗದ ಎದುರು ಕಾವಲು ಕಾಯುವ ಕೋಶಗಳು ಮಗುವಿನಲ್ಲಿ ಇರುತ್ತವೆ. ಗುರುತು ಹಿಡಿಯಲು ಅವಕ್ಕೆ ಬರುತ್ತದೆ. ಬಹಳಷ್ಟು ಸಲ ಅವು ಕೈ ಎತ್ತದೆ ಇರುವುದು ಶಕ್ತಿ ಇಲ್ಲದೆ ಅಲ್ಲ. ತಡೆದುಕೊಳ್ಳುವುದೇ ಆ ಹೊತ್ತಿನಲ್ಲಿ ಅವುಗಳ ಕೆಲಸ. ಈ ವ್ಯತ್ಯಾಸ ಅರ್ಥವಾದರೆ ಬಸುರಿಯರಿಗೆ ಕೊಡುವ ಲಸಿಕೆ, ಗಿಣ್ಣದ ಹಾಲಿನ ಹೊತ್ತು, ನಮ್ಮ ಮಂಗನ ಕಾಯಿಲೆಯ ಲಸಿಕೆಯ ಪ್ರಶ್ನೆ, ಇವೆಲ್ಲ ಒಂದೇ ಎಳೆಯಲ್ಲಿ ಬಂದು ನಿಲ್ಲುತ್ತವೆ.

ಮೊದಲು ಮನುಷ್ಯರ ಮಗುವನ್ನೇ ನೋಡೋಣ. ಬಸಿರು ನಿಂತು ಮೂರ್ನಾಲ್ಕು ವಾರಕ್ಕೆ, ತಾಯಿಗೇ ಇನ್ನೂ ಸರಿಯಾಗಿ ಗೊತ್ತಾಗದ ಹೊತ್ತಿಗೆ, ಭ್ರೂಣದ ಪಕ್ಕದ ಸಣ್ಣ ಚೀಲವೊಂದರಲ್ಲಿ ಮೊದಲ ರಕ್ತಕಣಗಳು ಹುಟ್ಟುತ್ತವೆ. ಅವುಗಳ ಜೊತೆಗೇ ಮ್ಯಾಕ್ರೋಫೇಜ್ ಎಂಬ ಕೋಶಗಳೂ ಬರುತ್ತವೆ. ಕಸ, ಸತ್ತ ಕೋಶ, ರೋಗಾಣು ಯಾವುದು ಸಿಕ್ಕಿದರೂ ನುಂಗುವ ಕೋಶಗಳು ಇವು. ಇವುಗಳಲ್ಲಿ ಒಂದಷ್ಟು ಬೆಳೆಯುತ್ತಿರುವ ಮಿದುಳಿಗೆ ಹೋಗಿ ನೆಲೆಸುತ್ತವೆ. ಇಲಿಗಳ ಮೇಲಿನ ಅಧ್ಯಯನವೊಂದು ಇದನ್ನು 2010ರಲ್ಲಿ ಸ್ಪಷ್ಟವಾಗಿ ತೋರಿಸಿತು. ಮುಪ್ಪಿನ ತನಕ ಮಿದುಳನ್ನು ಕಾಯುವ ಮೈಕ್ರೋಗ್ಲಿಯಾ ಕೋಶಗಳ ಮೂಲ ಆ ಸಣ್ಣ ಚೀಲವೇ. ಆ ಚೀಲ ಮಾತ್ರ ಹುಟ್ಟುವ ಹೊತ್ತಿಗೆ ಹೆಸರಿಗೂ ಉಳಿದಿರುವುದಿಲ್ಲ.

ಆಮೇಲೆ ರಕ್ತ ತಯಾರಿಸುವ ಕೆಲಸ ಪಿತ್ತಜನಕಾಂಗಕ್ಕೆ, ಅಂದರೆ ಲಿವರ್‌ಗೆ ಹೋಗುತ್ತದೆ. ಮೂಳೆಯ ಮಜ್ಜೆ ಕೈಜೋಡಿಸುವುದು ಮೂರನೇ ತಿಂಗಳ ಹೊತ್ತಿಗೆ. ಎದೆಗೂಡಿನ ಮೇಲ್ಭಾಗದಲ್ಲಿ ಥೈಮಸ್ ಅನ್ನುವ ಗ್ರಂಥಿ ಇದೆ. ಸುಮಾರು ಎಂಟು ಒಂಬತ್ತನೇ ವಾರಕ್ಕೆ ಎಳೆಯ ಕೋಶಗಳು ಅದರೊಳಗೆ ಸೇರುತ್ತವೆ. ಅಲ್ಲಿ ಪಳಗಿ, ಹೊರಗಿನದನ್ನು ಗುರುತು ಹಿಡಿದು ಎದುರಿಸುವ ಟಿ ಕೋಶಗಳಾಗಿ, ಹನ್ನೆರಡು ಹದಿನಾಲ್ಕನೇ ವಾರದ ಹೊತ್ತಿಗೆ ಮೈಯೆಲ್ಲ ಹರಡಲು ಶುರುಮಾಡುತ್ತವೆ. ಅಂದರೆ ಐದನೇ ತಿಂಗಳ ಸ್ಕ್ಯಾನಿಂಗ್‌ಗೆ ಹೋಗುವ ಮೊದಲೇ ಆ ಮಗುವಿನಲ್ಲಿ ಟಿ ಕೋಶ, ಪ್ರತಿಕಾಯ ತಯಾರಿಸುವ ಬಿ ಕೋಶ ಎರಡೂ ಓಡಾಡುತ್ತಿರುತ್ತವೆ.

ಥೈಮಸ್ ಏನು ಮಾಡುತ್ತದೆ ಅನ್ನುವುದು 1961ರವರೆಗೆ ಯಾರಿಗೂ ಗೊತ್ತಿರಲಿಲ್ಲ. ಜಾಕ್ ಮಿಲ್ಲರ್ ಎಂಬ ವಿಜ್ಞಾನಿ ಆಗಷ್ಟೇ ಹುಟ್ಟಿದ ಇಲಿಮರಿಗಳ ಥೈಮಸ್ ತೆಗೆದರು. ಆ ಮರಿಗಳು ಸೋಂಕಿಗೆ ಬಲಿಯಾದವು. ಬೇರೆ ಇಲಿಯ ಚರ್ಮ ಕಸಿ ಮಾಡಿದರೂ ಅದನ್ನು ತಿರಸ್ಕರಿಸಲಿಲ್ಲ. ಈ ಪ್ರಯೋಗ ಇಷ್ಟು ಚೆನ್ನಾಗಿ ನಡೆದದ್ದಕ್ಕೆ ಒಂದು ಕಾರಣ ಇಲಿಯ ಬಸಿರು ಬರೀ ಇಪ್ಪತ್ತು ದಿನದ ಆಸುಪಾಸಿನದು. ಮರಿ ಹುಟ್ಟುವಾಗ ಅದರ ಟಿ ಕೋಶಗಳಲ್ಲಿ ಬಹುಪಾಲು ಇನ್ನೂ ಥೈಮಸ್ ಬಿಟ್ಟು ಹೊರಟಿರುವುದಿಲ್ಲ. ಮನುಷ್ಯ, ಹಸು, ಕುರಿ ಹಾಗಲ್ಲ. ಹಾಗಾಗಿ ಇಲಿಯಲ್ಲಿ ಕಂಡದ್ದನ್ನೆಲ್ಲ ನಮ್ಮ ಮಗುವಿಗೆ ಹಾಗೇ ಅಂಟಿಸಬಾರದು. ಪತ್ರಿಕೆಯಲ್ಲಿ "ಗರ್ಭದಲ್ಲಿನ ರೋಗನಿರೋಧಕ ಶಕ್ತಿ" ಅಂತ ಸುದ್ದಿ ಬಂದಾಗ ನಾನು ಮೊದಲು ಹುಡುಕುವುದು ಇದನ್ನೇ: ಪ್ರಯೋಗ ಯಾವ ಪ್ರಾಣಿಯದು?

ಕುರಿಯ ಹೊಟ್ಟೆಯಲ್ಲಿರುವ ಮರಿ ಇದಕ್ಕೆ ಒಳ್ಳೆಯ ಸಾಕ್ಷಿ. ಕುರಿಯ ಬಸಿರು ಸುಮಾರು 150 ದಿನ. 1960ರ ದಶಕದಲ್ಲಿ ಆರ್ಥರ್ ಸಿಲ್ವರ್‌ಸ್ಟೈನ್ ಮತ್ತು ಜೊತೆಗಾರರು ಹೊಟ್ಟೆಯೊಳಗಿನ ಮರಿಗೇ ಬೇರೆ ಬೇರೆ ಹೊರವಸ್ತುಗಳನ್ನು ಚುಚ್ಚಿ, ಯಾವುದಕ್ಕೆ ಯಾವಾಗ ಪ್ರತಿಕಾಯ ಬರುತ್ತದೆ ಎಂದು ನೋಡಿದರು. ಬ್ಯಾಕ್ಟೀರಿಯಾಗೆ ಹತ್ತುವ ಒಂದು ವೈರಸ್ಸಿಗೆ ಸುಮಾರು 40 ದಿನಕ್ಕೇ ಉತ್ತರ ಬಂತು. ಫೆರಿಟಿನ್ ಎಂಬ ಪ್ರೋಟೀನಿಗೆ 66 ದಿನದ ಹೊತ್ತಿಗೆ. ಕೋಳಿಮೊಟ್ಟೆಯ ಬಿಳಿಯ ಪ್ರೋಟೀನಿಗೆ 120 ದಿನ ದಾಟಬೇಕಾಯಿತು. ಕ್ಷಯದ ಲಸಿಕೆ ಬಿಸಿಜಿಯಂಥ ಕೆಲವಕ್ಕೆ ಹುಟ್ಟುವ ತನಕ ಉತ್ತರವೇ ಇಲ್ಲ. ಬೇರೆ ಕುರಿಯ ಚರ್ಮದ ತುಂಡನ್ನು ಸುಮಾರು 77ನೇ ದಿನದ ನಂತರ ಮರಿ ತಿರಸ್ಕರಿಸತೊಡಗಿತು, ದೊಡ್ಡ ಕುರಿ ಮಾಡುವ ಹಾಗೆಯೇ. ಗುಂಡಿ ಒತ್ತಿದ ಹಾಗೆ ಒಂದೇ ದಿನ ಎಲ್ಲ ಶುರುವಾಗುವುದಿಲ್ಲ ಅನ್ನುವುದು ಇದರಿಂದ ಗೊತ್ತಾಯಿತು. ಒಂದೊಂದಕ್ಕೂ ಅದರದೇ ಹೊತ್ತು ಇದೆ.

ಈಗ ಹಸುವಿನ ಕಥೆಗೆ ಬರುತ್ತೇನೆ. ಅಂಗಾಂಗ ಕಸಿಯ ವಿಜ್ಞಾನಕ್ಕೆ ದಾರಿ ತೋರಿಸಿದ್ದು ಕೊಟ್ಟಿಗೆಯ ಅವಳಿ ಕರುಗಳು ಅನ್ನುವುದು ನಮ್ಮಲ್ಲಿ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಹಸು ಸಾಕಿದವರಿಗೆ ಒಂದು ವಿಷಯ ಗೊತ್ತು. ಅವಳಿಯಲ್ಲಿ ಒಂದು ಹೋರಿ, ಒಂದು ಹೆಣ್ಣು ಹುಟ್ಟಿದರೆ ಆ ಹೆಣ್ಣು ಕರು ಸಾಮಾನ್ಯವಾಗಿ ಗಬ್ಬ ನಿಲ್ಲುವುದಿಲ್ಲ. ಹೊಟ್ಟೆಯಲ್ಲಿದ್ದಾಗ ಎರಡರ ಮಾಸಿನ ರಕ್ತನಾಳಗಳು ಕೂಡಿಕೊಂಡು ರಕ್ತ ಬೆರೆಯುವುದೇ ಇದಕ್ಕೆ ಕಾರಣ. 1945ರಲ್ಲಿ ಅಮೆರಿಕದ ರೇ ಓವೆನ್ ಇಂಥ ಅವಳಿಗಳ ರಕ್ತ ಪರೀಕ್ಷಿಸಿದರು. ಒಂದೊಂದು ಕರುವಿನಲ್ಲೂ ಎರಡು ಬಗೆಯ ರಕ್ತಕಣ! ತನ್ನದೂ ಇದೆ, ಜೊತೆಯದರದೂ ಇದೆ. ಹುಟ್ಟಿ ದೊಡ್ಡದಾದ ಮೇಲೂ ಹಾಗೇ ಇದೆ. ಇನ್ನೊಂದರ ರಕ್ತಕಣಗಳನ್ನು ಮೈ ಹೊರಗಿನದು ಅಂತ ಎಣಿಸಲೇ ಇಲ್ಲ.

ಇಂಗ್ಲೆಂಡಿನಲ್ಲಿ ಪೀಟರ್ ಮೆಡಾವರ್ ತಂಡ ಅವಳಿ ಕರುಗಳ ನಡುವೆ ಚರ್ಮ ಕಸಿ ಮಾಡಿ ನೋಡಿತು. ಒಂದೇ ಮೊಟ್ಟೆಯಿಂದ ಬಂದ ಅವಳಿ ಯಾವುದು, ಬೇರೆ ಬೇರೆ ಮೊಟ್ಟೆಯವು ಯಾವುವು ಎಂದು ಪತ್ತೆ ಮಾಡುವುದು ಅವರ ಉದ್ದೇಶ. ಬೇರೆ ಮೊಟ್ಟೆಯವಾದರೆ ಚರ್ಮ ಹಿಡಿಯಬಾರದಿತ್ತು. ಹೆಚ್ಚಿನವುಗಳಲ್ಲಿ ಹಿಡಿಯಿತು. ಓವೆನ್ ಕಂಡದ್ದರ ಅರ್ಥ ಆಗ ಹೊಳೆಯಿತು. 1953ರಲ್ಲಿ ಬಿಲ್ಲಿಂಗ್‌ಹ್ಯಾಮ್, ಬ್ರೆಂಟ್, ಮೆಡಾವರ್ ಇದನ್ನೇ ಇಲಿಯಲ್ಲಿ ಮಾಡಿ ತೋರಿಸಿದರು. ಹೊಟ್ಟೆಯಲ್ಲಿರುವ ಮರಿಗೆ ಬೇರೆ ತಳಿಯ ಕೋಶ ಚುಚ್ಚಿದರೆ, ಅದು ಬೆಳೆದ ಮೇಲೆ ಆ ತಳಿಯ ಚರ್ಮವನ್ನು ತನ್ನದೇ ಅಂತ ಒಪ್ಪಿಕೊಳ್ಳುತ್ತದೆ. 1960ರಲ್ಲಿ ಮೆಡಾವರ್ ಮತ್ತು ಆಸ್ಟ್ರೇಲಿಯಾದ ಬರ್ನೆಟ್ ಅವರಿಗೆ ನೊಬೆಲ್ ಬಂತು. "ಇದು ನನ್ನದು, ಇದು ಹೊರಗಿನದು" ಅನ್ನುವ ಪಾಠದ ದೊಡ್ಡ ಭಾಗ ಹೊಟ್ಟೆಯೊಳಗೇ ನಡೆಯುತ್ತದೆ ಎಂಬುದು ಗಟ್ಟಿಯಾಯಿತು.

ಆ ಪಾಠ ದಾರಿ ತಪ್ಪಿದರೆ ಏನಾಗುತ್ತದೆ? ಇದಕ್ಕೂ ಉದಾಹರಣೆ ಕೊಟ್ಟಿಗೆಯಲ್ಲೇ ಇದೆ. ಬಿವಿಡಿ ಎಂಬ ವೈರಸ್ಸಿನ ಭೇದಿ ರೋಗ ದನಗಳಿಗೆ ಬರುತ್ತದೆ. ಹಸುವಿನ ಬಸಿರು ಸುಮಾರು 280 ದಿನ. ಮೊದಲ ನಾಲ್ಕು ತಿಂಗಳೊಳಗೆ ಈ ವೈರಸ್ಸಿನ ಒಂದು ಬಗೆ ಹೊಟ್ಟೆಯ ಕರುವಿಗೆ ತಗುಲಿದರೆ, ಪಾಠ ಕಲಿಯುತ್ತಿರುವ ಕೋಶಗಳು ಆ ವೈರಸ್ಸನ್ನೂ "ನಮ್ಮದು" ಅಂತ ಬರೆದುಕೊಂಡುಬಿಡುತ್ತವೆ. ಕರು ಬದುಕಿ ಹುಟ್ಟಿದರೆ ಜೀವನಪೂರ್ತಿ ಆ ವೈರಸ್ಸನ್ನು ಹೊತ್ತು, ಸುತ್ತಲಿನ ದನಗಳಿಗೆಲ್ಲ ಹಂಚುತ್ತಾ ಇರುತ್ತದೆ. ಅದೇ ಸೋಂಕು ಆರು ತಿಂಗಳು ದಾಟಿದ ಮೇಲೆ ತಗುಲಿದರೆ, ಹೊಟ್ಟೆಯೊಳಗಿನ ಕರು ತಾನೇ ಪ್ರತಿಕಾಯ ತಯಾರಿಸಿ ಸಾಮಾನ್ಯವಾಗಿ ವೈರಸ್ಸನ್ನು ಹೊರಹಾಕುತ್ತದೆ. ವೈರಸ್ಸು ಅದೇ, ತಾಯಿಯೂ ಅದೇ. ಬದಲಾದದ್ದು ತಿಂಗಳು ಮಾತ್ರ.

ಮನುಷ್ಯರ ಮಗುವಿಗೆ ಇನ್ನೊಂದು ಕಷ್ಟ ಇದೆ. ಅದರ ಅರ್ಧ ಗುಣ ತಂದೆಯದು, ಹಾಗಾಗಿ ತಾಯಿಯ ಮೈಗೆ ಅದು ಅರ್ಧ ಹೊರಗಿನದು ಅನ್ನುವ ಮಾತನ್ನು ನೀವು ಕೇಳಿರಬಹುದು. ತಿರುಗಿಸಿ ನೋಡಿದರೆ ಮಗುವಿಗೂ ತಾಯಿ ಅರ್ಧ ಹೊರಗಿನವಳೇ. ಅವಳ ಜೀವಕೋಶಗಳು ಮಾಸು ದಾಟಿ ಮಗುವಿನೊಳಗೆ ಹೋಗುತ್ತವೆ. 2008ರಲ್ಲಿ ಕ್ಯಾಲಿಫೋರ್ನಿಯಾದ ಸಂಶೋಧಕರು ಭ್ರೂಣದ ದುಗ್ಧರಸ ಗ್ರಂಥಿಗಳಲ್ಲಿ (ಲಿಂಫ್ ನೋಡ್) ತಾಯಿಯ ಕೋಶಗಳನ್ನು ಕಂಡರು. ಮಗುವಿನ ಟಿ ಕೋಶಗಳು ಅವನ್ನು ಗುರುತು ಹಿಡಿದಿದ್ದವು. ಆದರೆ ಜಗಳಕ್ಕೆ ಇಳಿದಿರಲಿಲ್ಲ. ಅವುಗಳಲ್ಲಿ ಬಹಳಷ್ಟು ಬೇರೆ ಕೋಶಗಳನ್ನು ಸುಮ್ಮನಿರಿಸುವ ನಿಯಂತ್ರಕ ಟಿ ಕೋಶಗಳಾಗಿ ಮಾರ್ಪಟ್ಟಿದ್ದವು. 2017ರಲ್ಲಿ ಇನ್ನೊಂದು ತಂಡ ಭ್ರೂಣದ ಡೆಂಡ್ರೈಟಿಕ್ ಕೋಶಗಳನ್ನು ನೋಡಿತು. ಹೊರವಸ್ತುವನ್ನು ಹಿಡಿದು ಟಿ ಕೋಶಗಳಿಗೆ ತೋರಿಸುವುದು ಇವುಗಳ ಕೆಲಸ. ನಾಲ್ಕೈದು ತಿಂಗಳ ಭ್ರೂಣದಲ್ಲೂ ಇವು ಚುರುಕಾಗಿದ್ದವು. ಜೊತೆಗೆ ಆರ್ಜಿನೇಸ್ ಅನ್ನುವ ಕಿಣ್ವ ಬಿಟ್ಟು ಉರಿಯೂತ ಏರದಂತೆ ಹಿಡಿದಿಟ್ಟಿದ್ದವು.

ನನಗೆ ಈ ಎರಡು ಅಧ್ಯಯನಗಳು ಬಹಳ ಮುಖ್ಯ ಅನಿಸುತ್ತವೆ. "ಇನ್ನೂ ಬೆಳೆದಿಲ್ಲ" ಅನ್ನುವುದಕ್ಕೂ "ತಡೆದುಕೊಂಡಿದೆ" ಅನ್ನುವುದಕ್ಕೂ ಬಹಳ ದೂರ. ಎರಡನೆಯದು ನಿಜವಾದದ್ದಕ್ಕೇ ಹುಟ್ಟಿದ ದಿನವೇ ಕೊಡುವ ಬಿಸಿಜಿ, 24 ಗಂಟೆಯೊಳಗೆ ಕೊಡುವ ಹೆಪಟೈಟಿಸ್ ಬಿ ಲಸಿಕೆ ಕೆಲಸ ಮಾಡುತ್ತವೆ. ಏನೂ ಅರಿಯದ ಮೈಗೆ ಲಸಿಕೆ ಹಾಕಿ ಪ್ರಯೋಜನ ಇರುತ್ತಿರಲಿಲ್ಲ.

ಹಾಗೆಂದು ಹೊಸ ಕೂಸನ್ನು ಅದರ ಪಾಡಿಗೆ ಬಿಡಲಾಗುವುದಿಲ್ಲ. ತಡೆದು ಅಭ್ಯಾಸವಾದ ಕೋಶಗಳು ನಿಜವಾದ ರೋಗಾಣು ಬಂದಾಗ ಎದ್ದು ನಿಲ್ಲಲು ಹೊತ್ತು ತೆಗೆದುಕೊಳ್ಳುತ್ತವೆ. ಆ ಹೊತ್ತಿಗೆ ಬೇಕಾದ್ದನ್ನು ತಾಯಿ ಸಾಲ ಕೊಡುತ್ತಾಳೆ. ಹಸು ಕೊಡುವುದು ಗಿಣ್ಣಿನಲ್ಲಿ. ಮನುಷ್ಯರ ತಾಯಿ ಬಹುಪಾಲನ್ನು ಹೆರಿಗೆಗೂ ಮೊದಲೇ ಹೊಕ್ಕುಳ ಬಳ್ಳಿಯಲ್ಲಿ ಕಳಿಸಿರುತ್ತಾಳೆ. ಮನುಷ್ಯರ ಮಾಸಿನ ಗೋಡೆ ತೆಳು. ಅದರಲ್ಲಿ ಐಜಿಜಿ ಎಂಬ ಬಗೆಯ ಪ್ರತಿಕಾಯವನ್ನು ಹಿಡಿದು ಆಚೆ ದಾಟಿಸುವ ವಿಶೇಷ ಪ್ರೋಟೀನು ಇದೆ. ನಾಲ್ಕನೇ ತಿಂಗಳಿಂದ ಸ್ವಲ್ಪ ಸ್ವಲ್ಪ ಶುರು. ಐದನೇ ತಿಂಗಳ ಹೊತ್ತಿಗೆ ಮಗುವಿನ ರಕ್ತದಲ್ಲಿ ತಾಯಿಯ ಮಟ್ಟದ ಹತ್ತನೇ ಒಂದು ಭಾಗದಷ್ಟು ಇದ್ದರೆ ಹೆಚ್ಚು. ಏಳೆಂಟನೇ ತಿಂಗಳಿಗೆ ಅರ್ಧ. ತುಂಬು ತಿಂಗಳಿಗೆ ತಾಯಿಯಷ್ಟೇ, ಕೆಲವೊಮ್ಮೆ ಅವಳಿಗಿಂತ ಜಾಸ್ತಿ. ಏಳನೇ ತಿಂಗಳಿಗೇ ಹುಟ್ಟಿದ ಮಗುವಿಗೆ ಸೋಂಕಿನ ಭಯ ಯಾಕೆ ಹೆಚ್ಚು ಎಂದು ಈ ಲೆಕ್ಕವೇ ಹೇಳುತ್ತದೆ. ಅದರ ಪಾಲಿನ ಸಾಲ ಅರ್ಧಕ್ಕೇ ನಿಂತಿರುತ್ತದೆ.

ಐಜಿಎಂ ಅನ್ನುವ ಇನ್ನೊಂದು ಬಗೆಯ ಪ್ರತಿಕಾಯ ಮಾಸು ದಾಟುವುದಿಲ್ಲ. ಆಗ ತಾನೇ ಹುಟ್ಟಿದ ಮಗುವಿನಲ್ಲಿ ರುಬೆಲ್ಲಾದ ಐಜಿಎಂ ಸಿಕ್ಕರೆ, ಆ ಮಗು ಹೊಟ್ಟೆಯಲ್ಲೇ ಸೋಂಕು ಹತ್ತಿ ತಾನಾಗಿ ಎದುರು ನಿಂತಿತ್ತು ಅಂತ ವೈದ್ಯರು ತಿಳಿಯುತ್ತಾರೆ. ಹುಟ್ಟುವ ಮೊದಲೇ ಮೈ ಉತ್ತರ ಕೊಡಬಲ್ಲದು ಅನ್ನುವುದಕ್ಕೆ ಇದಕ್ಕಿಂತ ನೇರ ಸಾಕ್ಷಿ ಬೇಡ.

ತಾಯಿಯ ಸಾಲ ಶಾಶ್ವತ ಅಲ್ಲ. ಮೂರು ನಾಲ್ಕು ವಾರಕ್ಕೊಮ್ಮೆ ಅರ್ಧಕ್ಕೆ ಇಳಿಯುತ್ತಾ ಹೋಗುತ್ತದೆ. ಇರುವಷ್ಟು ದಿನ ಅದು ಕೆಲವು ಲಸಿಕೆಗಳಿಗೆ ಅಡ್ಡವೂ ಆಗುತ್ತದೆ. ದಡಾರ ರುಬೆಲ್ಲಾ ಲಸಿಕೆಯನ್ನು ನಮ್ಮಲ್ಲಿ ಒಂಬತ್ತು ತಿಂಗಳು ತುಂಬಿದ ಮೇಲೆ ಹಾಕಲು ಇದು ಮುಖ್ಯ ಕಾರಣ. "ಇಷ್ಟು ತಡ ಯಾಕೆ?" ಎಂದು ಕೇಳುವ ಅಪ್ಪ ಅಮ್ಮಂದಿರಿಗೆ ಅಂಗನವಾಡಿಯಲ್ಲಿ ಇದನ್ನು ಬಿಡಿಸಿ ಹೇಳಿದರೆ ಎಷ್ಟೋ ಅನುಮಾನ ಕಡಿಮೆಯಾದೀತು.

ಈ ಸಾಲವನ್ನು ಹೆಚ್ಚಿಸಿ ಕೊಡುವ ದಾರಿಯೇ ಬಸುರಿಯರ ಲಸಿಕೆ. ನಮ್ಮ ಹಳ್ಳಿಗಳಲ್ಲಿ ಇನ್ನೂ "ಟಿಟಿ ಸೂಜಿ" ಅಂತಲೇ ಕರೆಯುತ್ತಾರೆ. ಈಗ ಕೊಡುವುದು ಟಿಡಿ, ಧನುರ್ವಾಯು ಜೊತೆಗೆ ಗಂಟಲಮಾರಿಗೂ ಸೇರಿದ್ದು. ಬಸಿರು ಗೊತ್ತಾದ ಕೂಡಲೇ ಒಂದು, ನಾಲ್ಕು ವಾರ ಬಿಟ್ಟು ಇನ್ನೊಂದು. ಬಹಳ ಜನ ಇದನ್ನು ತಾಯಿಗೆ ಹಾಕುವ ಸೂಜಿ ಅಂದುಕೊಂಡಿದ್ದಾರೆ. ಹೆಚ್ಚಿನ ಲಾಭ ಮಗುವಿಗೆ. ಹೊಕ್ಕುಳ ಬಳ್ಳಿಯನ್ನು ಕುಡುಗೋಲಲ್ಲಿ ಕೊಯ್ದು, ಗಾಯಕ್ಕೆ ಬೂದಿ, ಸಗಣಿ ಹಚ್ಚುತ್ತಿದ್ದ ಕಾಲವನ್ನು ನಮ್ಮ ಅಜ್ಜಿಯರು ಕಂಡಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 1988ರಲ್ಲಿ ಜಗತ್ತಿನಲ್ಲಿ 7 ಲಕ್ಷ 87 ಸಾವಿರ ಹಸುಗೂಸುಗಳು ಧನುರ್ವಾಯುವಿನಿಂದ ಸತ್ತವು. 2015ರಲ್ಲಿ ಭಾರತ ಬಾಣಂತಿಯರ ಮತ್ತು ಹಸುಗೂಸುಗಳ ಧನುರ್ವಾಯುವನ್ನು ತೊಲಗಿಸಿದ ದೇಶ ಅನಿಸಿಕೊಂಡಿತು. ಆಸ್ಪತ್ರೆ ಹೆರಿಗೆ, ಚೊಕ್ಕ ಬ್ಲೇಡು, ಈ ಸೂಜಿ, ಮನೆ ಮನೆ ತಿರುಗಿದ ದಾದಿಯರು ಮತ್ತು ಆಶಾ ಕಾರ್ಯಕರ್ತೆಯರು, ಎಲ್ಲ ಸೇರಿ ಆದ ಕೆಲಸ ಅದು. ಆಗುಂಬೆ, ಹುಲಿಕಲ್ ಕಡೆ ಜುಲೈ ಮಳೆಯಲ್ಲಿ ಒಂದು ಒಂಟಿ ಮನೆಗೆ ನಡೆದು ಹೋದವರಿಗೆ ಆ ಕೆಲಸದ ಬೆಲೆ ಗೊತ್ತು.

ಇದೇ ದಾರಿಯಲ್ಲಿ ಹೊಸ ಲಸಿಕೆಗಳು ಬರುತ್ತಿವೆ. ಎಳೆ ಮಕ್ಕಳ ಶ್ವಾಸಕೋಶಕ್ಕೆ ಬರುವ ಆರ್‌ಎಸ್‌ವಿ ವೈರಸ್ಸಿಗೆ ಬಸುರಿಯರಿಗೇ ಕೊಡುವ ಲಸಿಕೆಗೆ 2023ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ಅಲ್ಲಿ ಕೊಡುವುದು 32ರಿಂದ 36ನೇ ವಾರದೊಳಗೆ, ಬಳ್ಳಿಯಲ್ಲಿ ಪ್ರತಿಕಾಯ ಜೋರಾಗಿ ಹರಿಯುವ ಹೊತ್ತಿನಲ್ಲಿ.

ಕೊಟ್ಟಿಗೆಯಲ್ಲಿ ಮಾತ್ರ ನಾವು ಲಸಿಕೆಯ ಹೊತ್ತನ್ನು ಇನ್ನೂ ಜೋಪಾನವಾಗಿ ನೋಡಬೇಕು. ಕಂದು ಹಾಕಿಸುವ ಬ್ರುಸೆಲ್ಲಾ ರೋಗಕ್ಕೆ ಕೊಡುವುದು ಜೀವಂತ ಲಸಿಕೆ. ಅದನ್ನು ಗಬ್ಬದ ಹಸುವಿಗೆ ಹಾಕಿದರೆ ಅದೇ ಕಂದು ಹಾಕಿಸಬಹುದು. ಅದಕ್ಕೇ 2019ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಅದನ್ನು ನಾಲ್ಕರಿಂದ ಎಂಟು ತಿಂಗಳ ಹೆಣ್ಣು ಕರುಗಳಿಗೆ, ಒಂದೇ ಸಲ ಹಾಕುತ್ತಾರೆ. ಕಂದು ಹಾಕಿದ ಹಸುವಿನ ಮಾಸನ್ನು ಬರಿಗೈಯಲ್ಲಿ ಎಳೆಯಬೇಡಿ. ಆ ರೋಗ ಮನುಷ್ಯರಿಗೂ ಹತ್ತುತ್ತದೆ.

ಈಗ ನಮ್ಮದೇ ರೋಗದ ವಿಷಯ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಇವತ್ತಿಗೂ ಪ್ರತಿ ಬೇಸಿಗೆಯ ಭಯ. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗ ಏನು ಅನುಭವಿಸಿತು ಎಂದು ಇಲ್ಲಿ ಯಾರಿಗೂ ನೆನಪಿಸಬೇಕಾಗಿಲ್ಲ. ಈ ಕಾಯಿಲೆಯನ್ನು ಹರಡುವ ಉಣುಗು ಕಚ್ಚುವುದು ಕಾಡಿಗೆ ಹೋದವರಿಗೆ. ಡಿಸೆಂಬರಿಂದ ಮೇವರೆಗೆ ದರಗು ಗುಡಿಸಲು, ಸೊಪ್ಪು ತರಲು, ಕಟ್ಟಿಗೆ ಆರಿಸಲು ಹೋಗುವವರಲ್ಲಿ ಹೆಂಗಸರೇ ಹೆಚ್ಚು. ಅವರಲ್ಲಿ ಬಸುರಿಯರೂ ಇರುತ್ತಾರೆ. ಹಳೆಯ ಲಸಿಕೆ 6ರಿಂದ 65 ವರ್ಷದವರಿಗೆ ಅಂತ ಇತ್ತು, ಬಸುರಿಯರನ್ನು ಬಿಟ್ಟು. ಅದರ ಪರಿಣಾಮ ಕಡಿಮೆ ಎಂದು ಗೊತ್ತಾಗಿ ಈಗ ಅದೂ ನಿಂತಿದೆ. ಹೊಸದರ ತಯಾರಿ ನಡೆದಿದೆ.

ಹೊಸ ಲಸಿಕೆಗಳ ಪ್ರಯೋಗದಲ್ಲಿ ಬಸುರಿಯರನ್ನು ಆರಂಭದಲ್ಲಿ ಸೇರಿಸುವುದಿಲ್ಲ. ಎಚ್ಚರಿಕೆ ಸರಿಯೇ. ಆದರೆ ಎಷ್ಟೋ ಸಲ ಆರಂಭದಲ್ಲಿ ಬಿಟ್ಟವರನ್ನು ಆಮೇಲೂ ಮರೆತುಬಿಡುತ್ತಾರೆ. ಕೊನೆಗೆ "ಮಾಹಿತಿ ಇಲ್ಲ, ಆದ್ದರಿಂದ ಬೇಡ" ಅನ್ನುವ ಒಂದೇ ಉತ್ತರ ಉಳಿಯುತ್ತದೆ. ಹೊಸ ಲಸಿಕೆ ತಾಯಿಯಲ್ಲಿ ಎಬ್ಬಿಸುವ ಪ್ರತಿಕಾಯ ಬಳ್ಳಿಯಲ್ಲಿ ಎಷ್ಟು ದಾಟುತ್ತದೆ? ಎಷ್ಟನೇ ತಿಂಗಳಲ್ಲಿ ಕೊಟ್ಟರೆ ಕೂಸಿಗೆ ಹೆಚ್ಚು ಅನುಕೂಲ? ಬಸುರಿಗೇ ಕಾಯಿಲೆ ಬಂದರೆ ಹೊಟ್ಟೆಯ ಮಗುವಿನ ಕೋಶಗಳು ಏನು ಮಾಡುತ್ತವೆ? ಈ ಪ್ರಶ್ನೆಗಳು ಪ್ರಯೋಗದ ಯೋಜನೆಯಲ್ಲೇ ಬರೆದಿರಬೇಕು, ಲಸಿಕೆ ಹಳ್ಳಿಗೆ ಬಂದ ಮೇಲೆ ಅಲ್ಲ. ಶಿವಮೊಗ್ಗದಲ್ಲಿ ವೈದ್ಯಕೀಯ ಕಾಲೇಜೂ ಇದೆ, ಪಶುವೈದ್ಯಕೀಯ ಕಾಲೇಜೂ ಇದೆ. ಬಸುರಿಯ ಮಾಸು, ಗಬ್ಬದ ಹಸುವಿನ ಕೆಚ್ಚಲು ಎರಡನ್ನೂ ಬಲ್ಲವರು ಒಂದೇ ಊರಿನಲ್ಲಿ ಇದ್ದಾರೆ. ಈ ವಿಷಯ ಕೂತು ಮಾತಾಡಲು ಇದಕ್ಕಿಂತ ಸರಿಯಾದ ಜಾಗ ನನಗೆ ತೋರುವುದಿಲ್ಲ.

ಅಲ್ಲಿಯವರೆಗೆ, ಫೆಬ್ರುವರಿಯಲ್ಲಿ ಆರನೇ ತಿಂಗಳಿನ ಹೆಂಗಸು ದರಗಿನ ಕುಕ್ಕೆ ಹಿಡಿದು ಹೊರಟರೆ, ಆ ಕುಕ್ಕೆಯನ್ನು ಮನೆಯ ಬೇರೆಯವರು ತೆಗೆದುಕೊಳ್ಳಲಿ. ರಾತ್ರಿ ಹಸು ಕರು ಹಾಕಿದರೆ ಲಾಟೀನು ಹಿಡಿದು ಎದ್ದು ಹೋಗಿ, ಮಾಸಿಗೆ ಕಾಯದೆ, ಕರುವಿನ ಬಾಯನ್ನು ಕೆಚ್ಚಲಿಗೆ ಹಚ್ಚಿ. ಎರಡನೇ ದಿನದ ಹಾಲಿನಲ್ಲೂ ಗಿಣ್ಣು ಆಗುತ್ತದೆ. ಸ್ವಲ್ಪ ಸಡಿಲ ಇರುತ್ತದೆ, ಅಷ್ಟೇ.